ಸಣ್ಣಾಕಿಯ ಹ್ಯಾಲೋವೀನ್‌ಗೆ ನಾಲ್ಕು ಮಡಿಕೆ

ವೈನಿ, ಟೈಪ್ ಮಾಡಲು ಕೂತರೆ ಬೆಳಗಾಗುತ್ತದೆ, ಅದಕ್ಕೆ ಮಾತಾಡಿಯೇ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ರೊಟ್ಟಿ ಬಡಿಯುವಾಗ ಬೇಡ, ಕೈ ಖಾಲಿ ಇದ್ದಾಗ ಕೇಳಿ. ನಡುವೆ ಕುಕ್ಕರ್ ಸೀಟಿ ಕೇಳಿಸಿದರೆ ನನ್ನದೇ, ಬೇಳೆ ಇಟ್ಟಿದ್ದೇನೆ.

ಸಣ್ಣಾಕಿಯ ಶಾಲೆಯಿಂದ ಬಂದ ಮೆಸೇಜ್ ನೋಡಿದೆ. ಅಕ್ಟೋಬರ್ 31ಕ್ಕೆ ಹ್ಯಾಲೋವೀನ್, ಮಕ್ಕಳು ಕಾಗದ ಮಡಚಿ ಏನಾದರೂ ಮಾಡಿ ತರಬೇಕು. ಯುಕೆಜಿ ಮಗುವಿಗೆ! ಬಾಗಲಕೋಟೆಯಲ್ಲಿ ಇದೆಲ್ಲಾ ಎಲ್ಲಿ ಹುಡುಕಲಿ, ರೆಡಿ ಇರುವುದನ್ನೇ ಆನ್‌ಲೈನ್‌ನಲ್ಲಿ ತರಿಸಲಾ ಅಂತ ಕೇಳಿದ್ದೀರಿ. ಬೇಡವೇ ಬೇಡ. ಮೂರು ಹಾಳೆ, ಹಣೆಗೆ ಅಂಟಿಸುವ ಟಿಕಳಿಯ ಒಂದು ಪಾಕೀಟು ಸಾಕು. ಟಿಕಳಿ ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಕಾಕಾಗೆ ಎರಡು ಮಾತು. ಕಾಕಾ, "ನಮಗ್ಯಾಕೆ ಈ ದೆವ್ವದ ಹಬ್ಬ" ಅಂತ ಬರೆದಿದ್ದೀರಿ. ಸಿಟ್ಟಾಗಬೇಡಿ, ಆದರೆ ನಿಮ್ಮ ಬಾಗಿಲ ಮೇಲೆ ತೂಗುವ ಬೂದುಗುಂಬಳಕ್ಕೆ ಕಣ್ಣು, ಮೀಸೆ, ಹಲ್ಲು ಎಲ್ಲಾ ಬರೆಸಿದ್ದೀರಲ್ಲ, ಅದೇನು? ಅವರೂ ಕುಂಬಳಕಾಯಿಗೆ ಮುಖ ಕೊರೆದು ಬಾಗಿಲಲ್ಲಿ ಇಡುತ್ತಾರೆ, ಅಷ್ಟೇ. ಐರ್ಲೆಂಡಿನಲ್ಲಿ ಮೊದಲು ಟರ್ನಿಪ್ ಅನ್ನುವ ಗಡ್ಡೆ ಕೊರೆಯುತ್ತಿದ್ದರಂತೆ. ಅಲ್ಲಿಂದ ಅಮೆರಿಕಕ್ಕೆ ಹೋದವರ ಕೈಗೆ ದೊಡ್ಡ ಕುಂಬಳಕಾಯಿ ಸಿಕ್ಕಿತು. ಅಲ್ಲಿನ ಮಕ್ಕಳು ಮನೆ ಮನೆಗೆ ಹೋಗಿ ಮಿಠಾಯಿ ಕೇಳುತ್ತಾರೆ. ನೀವು ಸಣ್ಣವರಿದ್ದಾಗ ಮಳೆ ಬರಲಿಲ್ಲ ಅಂತ ತಲೆ ಮೇಲೆ ಗುರ್ಜಿ ಹೊತ್ತು ಓಣಿಯೆಲ್ಲಾ ತಿರುಗಿ ಜೋಳದ ಹಿಟ್ಟು ಕೇಳಿದ ಕಥೆ ನೀವೇ ಹೇಳಿದ್ದು, ಅಲ್ವಾ? ಆಯಿತು, ಮುಗಿಸಿದೆ.

ವೈನಿ, ಈಗ ನನ್ನ ತಪ್ಪು ಕೇಳಿ. ಹೋದ ವರ್ಷ ನಮ್ಮ ಪೋರನಿಗೂ ಇದೇ ಕೆಲಸ ಬಂದಿತ್ತು. ನಾನು ಇಲ್ಲಿ ಬೆಳಗಾವಿಯ ಖಡೇ ಬಜಾರಿಗೆ ಹೋಗಿ ದಪ್ಪ ಕಾರ್ಡ್‌ಶೀಟ್ ತಂದೆ. ದಪ್ಪ ಇದ್ದರೆ ಗಟ್ಟಿ ನಿಲ್ಲುತ್ತದೆ ಅಂದುಕೊಂಡೆ. ಮಡಚಿದಲ್ಲೆಲ್ಲಾ ಬಿರಿದು ಒಳಗಿನ ಬಿಳಿ ಕಾಣಿಸಿತು. ಅವನ ಬೆರಳಿಗೆ ಅದು ಬಗ್ಗಲೇ ಇಲ್ಲ. ಅತ್ತ, ಮಲಗಿದ. ರಾತ್ರಿ ಹನ್ನೊಂದರ ತನಕ ಕೂತು ನಾನೇ ಎಂಟು ಕಾಲಿನ ಜೇಡ ಮಾಡಿದೆ. ಮರುದಿನ ಟೀಚರ್ "ಭಾಳ ಚಂದ ಇದೆ, ಯಾರು ಮಾಡಿದ್ದು" ಅಂತ ಕೇಳಿದ್ದಾರೆ. "ನಮ್ಮವ್ವ. ನಾನು ಮಲಗಿದ್ದೆ" ಅಂದನಂತೆ. ಸುಳ್ಳು ಹೇಳಲು ಕಲಿಸಿರಲಿಲ್ಲ, ಏನು ಮಾಡುವುದು.

ಅದಕ್ಕೆ ಈ ಸಲ ನನ್ನದು ಒಂದೇ ಷರತ್ತು. ಮಡಿಕೆ ಸಣ್ಣಾಕಿಯದೇ ಇರಬೇಕು. ನೀವು ಕತ್ತರಿ ಮಾತ್ರ ಹಿಡಿಯಿರಿ. ಅವಳು ಮಾಡಿದ ಬೆಕ್ಕಿಗೆ ಒಂದು ಕಿವಿ ದೊಡ್ಡದು ಒಂದು ಸಣ್ಣದು ಆಗುತ್ತದೆ. ಆಗಲಿ. ಅವಳು ಆಚೆ ಹೋದಾಗ ಸುಮ್ನೆ ಒಂದು ಸಲ ತಿದ್ದೋಣ ಅನ್ನಿಸುತ್ತದೆ ನೋಡಿ, ಆಗ ಕೈ ಕಟ್ಟಿಕೊಂಡು ಕೂಡಿ.

ಹಾಳೆ ತೆಳ್ಳಗಿರಲಿ, ಝೆರಾಕ್ಸ್ ಹಾಳೆಯಷ್ಟು. ಎ4 ಅಳತೆಯಲ್ಲಿ ಕಪ್ಪು ಒಂದು, ಬಿಳಿ ಒಂದು, ಕೇಸರಿ ಒಂದು. ಹೊಳೆಯುವ ಹಾಳೆ ಬೇಡ, ಜಾರುತ್ತದೆ. ಮೊದಲು ಚೌಕ ಮಾಡಬೇಕು. ಮೇಲಿನ ಒಂದು ಮೂಲೆಯನ್ನು ಎದುರಿನ ಉದ್ದದ ಅಂಚಿಗೆ ತಂದು ತ್ರಿಕೋನ ಮಾಡಿ, ಕೆಳಗೆ ಉಳಿದ ಪಟ್ಟಿ ಕತ್ತರಿಸಿ. 21 ಸೆಂಟಿಮೀಟರ್ ಚೌಕ ಸಿಗುತ್ತದೆ. ಅಂಗಡಿಯಲ್ಲಿ ಸಿಗುವ ಒರಿಗಾಮಿ ಹಾಳೆ ಸಾಮಾನ್ಯವಾಗಿ 15 ಸೆಂಟಿಮೀಟರ್ ಇರುತ್ತದೆ, ಸಣ್ಣ ಕೈಗೆ ಅದು ಕಷ್ಟ. ಕತ್ತರಿಸಿದ ಪಟ್ಟಿ ಎಸೆಯಬೇಡಿ, ಅದರಲ್ಲೇ ಬಾವಲಿ ಇದೆ.

ಇನ್ನೊಂದು. ಮಕ್ಕಳು ಹಾಳೆಯನ್ನು ಎತ್ತಿ ಹಿಡಿದು ಗಾಳಿಯಲ್ಲೇ ಮಡಚುತ್ತಾರೆ. ಸೊಟ್ಟ ಆಗುವುದು ಅದಕ್ಕೇ. ನೆಲದ ಮೇಲೆ ಕೂಡಿಸಿ, ಹಾಳೆ ನೆಲ ಬಿಟ್ಟು ಏಳಬಾರದು ಅನ್ನಿ. ಮೂಲೆಗೆ ಮೂಲೆ ಕೂಡಿದ ಮೇಲೆ ಒಂದು ಕೈ ಅಲ್ಲೇ ಒತ್ತಿರಲಿ, ಇನ್ನೊಂದು ಕೈಯ ಚಮಚದ ಬೆನ್ನಿನಿಂದ ಮಡಿಕೆ ತೀಡಲಿ. ಚಮಚ ಕೊಟ್ಟರೆ ಅವರಿಗೆ ಭಾಳ ಖುಷಿ. ಮೊದಲು ಹಳೇ ಪೇಪರಿನಲ್ಲಿ ಒಂದು ಮಾಡಿಸಿ.

ಬಿಳಿ ಚೌಕದಿಂದ ದೆವ್ವ ಶುರು ಮಾಡಿ, ಅದೇ ಎಲ್ಲಕ್ಕಿಂತ ಸುಲಭ. ಮೂಲೆಗೆ ಮೂಲೆ ಮಡಚಿ ಬಿಚ್ಚಿ, ನಡುವೆ ಗೆರೆ ಬೀಳುತ್ತದೆ. ಗೆರೆಯ ಒಂದು ತುದಿ ನಿಮ್ಮ ಕಡೆ ಇರಲಿ. ಆ ತುದಿಯ ಎರಡೂ ಬದಿಯ ಅಂಚುಗಳನ್ನು ಗೆರೆಗೆ ತಂದು ಕೂಡಿಸಿ. ಐಸ್‌ಕ್ರೀಮ್ ಕೋನ್ ಹಾಗೆ ಕಾಣುತ್ತದೆ. ಮೇಲಿನ ಮೂಲೆಯನ್ನು ಸ್ವಲ್ಪ ಕೆಳಗೆ ಮಡಚಿ ತಿರುಗಿಸಿದರೆ ಅದು ತಲೆ. ಕೆಳಗಿನ ಚೂಪು ತುದಿಯನ್ನು ಪಕ್ಕಕ್ಕೆ ಸೊಟ್ಟ ಮಾಡಿ, ಬಾಲ. ನಮ್ಮ ದೆವ್ವಕ್ಕೆ ಪಾದ ಹಿಂದೆ ಮುಂದೆ, ಅವರ ದೆವ್ವಕ್ಕೆ ಪಾದವೇ ಇಲ್ಲ. ಕಣ್ಣು ಬಾಯಿ ಸಣ್ಣಾಕಿ ಸ್ಕೆಚ್ ಪೆನ್ನಿನಲ್ಲಿ ಬರೆಯಲಿ. ನಗುವ ದೆವ್ವ ಬರೆದರೂ ನಡೆಯುತ್ತದೆ, ನಮ್ಮವನು ಕನ್ನಡಕ ಹಾಕಿದ್ದ.

ಕಪ್ಪು ಚೌಕದಿಂದ ಬೆಕ್ಕು. ತ್ರಿಕೋನ ಮಡಚಿ, ಉದ್ದನೆಯ ಅಂಚು ಕೆಳಗೆ, ಚೂಪು ಮೇಲೆ. ಮೇಲಿನ ಚೂಪನ್ನು ಎರಡು ಬೆರಳಷ್ಟು ಕೆಳಗೆ ಮಡಚಿ. ಆಮೇಲೆ ಎಡ ಬಲದ ಮೂಲೆಗಳನ್ನು ಓರೆಯಾಗಿ ಮೇಲಕ್ಕೆ ಎತ್ತಿ, ತುದಿಗಳು ಆ ಅಂಚನ್ನು ದಾಟಿ ಹೊರಗೆ ಕಾಣಬೇಕು. ತಿರುಗಿಸಿ. ಮುಖ, ಎರಡು ಕಿವಿ! ತಿರುಗಿಸುವ ಕೆಲಸ ಮಾತ್ರ ಅವಳಿಗೇ ಬಿಡಿ. ಅಲ್ಲಿಯ ತನಕ ಏನೂ ಕಾಣುವುದಿಲ್ಲ, ಒಮ್ಮೆಲೇ ಬೆಕ್ಕು ಬರುತ್ತದೆ. ಆ ಮುಖ ನೋಡಲಿಕ್ಕೇ ನಾನು ಮತ್ತೆ ಮತ್ತೆ ಮಾಡಿಸುತ್ತೇನೆ. ಕಪ್ಪಿನ ಮೇಲೆ ಸ್ಕೆಚ್ ಪೆನ್ ಕಾಣುವುದಿಲ್ಲ, ಅದಕ್ಕೇ ಟಿಕಳಿ. ಕೆಂಪು ಟಿಕಳಿ ಎರಡು ಅಂಟಿಸಿದರೆ ಉರಿಗಣ್ಣಿನ ಬೆಕ್ಕು. ಅಂಟು ಬೇಡ, ಕೈ ಹೊಲಸಾಗುವುದಿಲ್ಲ.

ಇನ್ನು ಬಾವಲಿ. ಉಳಿದ ಕಪ್ಪು ಪಟ್ಟಿಯನ್ನು ಉದ್ದಕ್ಕೆ ಬೆರಳಗಲದ ನಿರಿಗೆ ಹಿಡಿಯಬೇಕು, ಒಂದು ಮೇಲೆ ಒಂದು ಕೆಳಗೆ. ನೀವು ಸೀರೆ ಉಡುವಾಗ ಪಕ್ಕದಲ್ಲಿ ನಿಲ್ಲಿಸಿ ತೋರಿಸಿ, ಥಟ್ಟನೆ ಬರುತ್ತದೆ. ನಡುವೆ ದಾರ ಕಟ್ಟಿ ಎರಡೂ ತುದಿ ಬಿಡಿಸಿದರೆ ರೆಕ್ಕೆ. ಕಪ್ಪು ಚೂರಿನಿಂದ ಕಿವಿ ಇರುವ ತಲೆ ಕತ್ತರಿಸಿ ಕೊಡಿ, ಅನ್ನದ ಅಗಳಿನಿಂದ ಅಂಟಿಸಲಿ. ಅದೇ ದಾರದಿಂದ ತೂಗು ಹಾಕಿ.

ಕುಂಬಳಕಾಯಿಗೆ ಜಾಸ್ತಿ ಹೇಳುವುದಿಲ್ಲ. ಕೇಸರಿ ಚೌಕವನ್ನು ಮೂಲೆ ಮೇಲೆ ಬರುವಂತೆ ಇಟ್ಟು, ಎಡ, ಬಲ, ಕೆಳಗಿನ ಮೂಲೆಗಳನ್ನು ಹಿಂದಕ್ಕೆ ಮಡಚಿ. ಮೇಲಿನದನ್ನು ಮುಂದಕ್ಕೆ ಮಡಚಿ ತುದಿಯನ್ನು ಮತ್ತೆ ಮೇಲಕ್ಕೆ ಎತ್ತಿದರೆ ತೊಟ್ಟು. ತೊಟ್ಟಿಗೆ ಹಸಿರು ಬಣ್ಣ. ಮುಖ ಹೇಗಿರಬೇಕು ಅಂದರೆ ಕಾಕಾನ ಬಾಗಿಲು ನೋಡಿಕೊಂಡು ಬರಲಿ.

ಒಂದು ದಿನಕ್ಕೆ ಎರಡೇ ಮಾಡಿಸಿ, ಯುಕೆಜಿ ಕೂಸು ಕಾಲು ಗಂಟೆಗಿಂತ ಜಾಸ್ತಿ ಕೂಡುವುದಿಲ್ಲ. ಕತ್ತಲೆ, ದೆವ್ವ ಅಂತ ಹೆದರುವ ಮಗುವಾದರೆ ಬೆಕ್ಕು, ಕುಂಬಳಕಾಯಿ ಎರಡೇ ಸಾಕು.

ಹಾಂ, ಮರೆತಿದ್ದೆ. ಮರುದಿನ ನವೆಂಬರ್ 1, ರಾಜ್ಯೋತ್ಸವ. ಹಳದಿ, ಕೆಂಪು ಹಾಳೆಯನ್ನೂ ಈಗಲೇ ತಂದಿಡಿ, ಆಮೇಲೆ ಅಂಗಡಿಯಲ್ಲಿ ಮುಗಿದುಹೋಗುತ್ತದೆ. ಅದೇ ನಿರಿಗೆ ಹಿಡಿದು ನಡುವೆ ದಾರ ಕಟ್ಟಿದರೆ ಬಾವಲಿ ಹೋಗಿ ಚಿಟ್ಟೆ ಆಗುತ್ತದೆ, ತೋರಣಕ್ಕೆ ಪೋಣಿಸಬಹುದು. ನಾವಂತೂ 31ರ ರಾತ್ರಿ ಪೋರನನ್ನು ಕರೆದುಕೊಂಡು ಚನ್ನಮ್ಮ ಸರ್ಕಲ್‌ಗೆ ಹೋಗುತ್ತೇವೆ, ಹನ್ನೆರಡಕ್ಕೆ ಅಲ್ಲಿ ಜನವೋ ಜನ. ಬಾವಲಿಯನ್ನೂ ತರುತ್ತೇನೆ ಅಂತ ಈಗಲೇ ಹಟ ಹಿಡಿದಿದ್ದಾನೆ. ಹಳದಿ ಹಾಳೆಯಲ್ಲಿ ಮಾಡಿದರೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದೇನೆ.

ಇಡುತ್ತೇನೆ ವೈನಿ, ಮೂರನೇ ಸೀಟಿ ಆಯಿತು. ಸಣ್ಣಾಕಿಯ ಬೆಕ್ಕಿನ ಫೋಟೋ ಹಾಕಿ, ತಿದ್ದದೇ ಇರುವುದನ್ನು.