ಸಮಸ್ಯಾಪೂರಣ: ಬೆನ್ನು ತಿರುವಲು ಬೆಂಕಿಯಾರಿತು

ಗೆಳೆಯರೇ, ಈ ಸಲದ ಸಮಸ್ಯೆ ನಮ್ಮ ಕೊಡಗಿನ ಕಾಡಿನದು.

ಬೆನ್ನು ತಿರುವಲು ಬೆಂಕಿಯಾರಿತು

3+4+3+4 ಮಾತ್ರೆಯ ನಡೆ, ಪ್ರಾಸ ‘ನ್ನ’. ಇದೇ ಕೊನೆಯ ಸಾಲಾಗುವಂತೆ ನಾಲ್ಕು ಸಾಲಿನ ಪದ್ಯ ಕಟ್ಟಬೇಕು. ಬೆನ್ನು ತಿರುಗಿಸಿದ ಮಾತ್ರಕ್ಕೆ ಬೆಂಕಿ ಆರುವುದು ಹೇಗೆ? ಸುಳಿವು ಬೇಕಾದರೆ, ಉತ್ತರಕ್ಕೆ ರೆಕ್ಕೆ ಇದೆ.

ವಿರಾಜಪೇಟೆಯಿಂದ:
ಅಕ್ಕಾ, ಇದು ಕಾಕರಣೆ ಹಕ್ಕಿಯೇ ಅಲ್ವಾ?

ಕನ್ನೆಗಾಡಿನ ಬಿದಿರ ನೆರಳಲಿ
ಚೆನ್ನ ಹಕ್ಕಿಯು, ಕೆಂಡದೊಡಲದು;
ಎನ್ನ ಹೆಜ್ಜೆಯ ಸದ್ದು ಕೇಳುತ
ಬೆನ್ನು ತಿರುವಲು ಬೆಂಕಿಯಾರಿತು

ಅಕ್ಕ:
ಹೌದು, ಅದೇ! ಮಲಬಾರ್ ಟ್ರೋಗನ್ ಅಂತಲೂ ಕರೆಯುತ್ತಾರೆ. ಗಂಡಿನ ತಲೆ ಕಪ್ಪು, ಎದೆಗೆ ಬಿಳಿ ಪಟ್ಟಿ, ಕೆಳಗೆಲ್ಲ ಉರಿಗೆಂಪು. ಬೆನ್ನು ಮಾತ್ರ ಕಂದು. ಜನ ಕಂಡರೆ ಸುಮ್ನೆ ಬೆನ್ನು ತಿರುಗಿಸಿ ಕೂತುಬಿಡುತ್ತದೆ. ಆಮೇಲೆ ಕಣ್ಣೆದುರಿಗಿದ್ದರೂ ಕಾಣದು. ಹುಳ ಕಂಡಾಗಷ್ಟೇ ಛಂಗನೆ ಹಾರಿ ಹಿಡಿಯುತ್ತದೆ. ಎಲೆ ಮೇಲಿನ ಕಂಬಳಿಹುಳವನ್ನೂ ಬಿಡುವುದಿಲ್ಲ. ‘ಎನ್ನ’ ಹಳೆಯ ಮಾತು, ಆದರೂ ಪ್ರಾಸಕ್ಕೆ ಒಪ್ಪಿತು. ‘ಕೆಂಡದೊಡಲು’ ನನಗೆ ತುಂಬಾ ಹಿಡಿಸಿತು.

ಸೋಮವಾರಪೇಟೆಯಿಂದ:
ನಾನು ಕಾಫಿ ತೋಟದವನು. ನನಗೆ ಈ ಸಾಲು ಬೇರೆಯೇ ಕೇಳಿಸಿತು.

ಮುನ್ನ ಗೂಡಿನ ಲಡ್ಡು ಮರವನು
ಮನ್ನಿಸದೆ ನಾವ್ ಕಡಿದುರುಳಿಸಲು
ತನ್ನ ಜೋಡಿಯ ಜೊತೆಗೆ ತೋಟಕೆ
ಬೆನ್ನು ತಿರುವಲು ಬೆಂಕಿಯಾರಿತು

ಈ ಹಕ್ಕಿ ಗಟ್ಟಿ ಮರ ಕೊರೆಯಲಾರದು. ನಿಂತಲ್ಲೇ ಲಡ್ಡಾದ, ಅಂದರೆ ಕೊಳೆತು ಮೆತ್ತಗಾದ ಮರದಲ್ಲಿ ಜೋಡಿಯಾಗಿ ಕೊಕ್ಕಿನಿಂದ ಪೊಟರೆ ಮಾಡಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಅದೂ ಫೆಬ್ರವರಿಯಿಂದ ಮೇ ಒಳಗೆ, ಕಾಫಿಗೆ ಹೂಮಳೆ ಬೀಳುವ ಹೊತ್ತಿಗೆ. ಅದೇ ಹೊತ್ತಲ್ಲಿ ನಾವು ‘ಒಣಮರ, ಸೌದೆಗಾಯಿತು’ ಅಂತ ಕೊಡಲಿ ಎತ್ತುತ್ತೇವೆ. ಕಾಡಂಚಿನ ತೋಟದವರು ಅಂಥ ನಾಲ್ಕು ಮರ ಬಿಟ್ಟರೆ ಸಾಕು.

ಅಕ್ಕ:
ಅಣ್ಣಾ, ಈ ಪೂರಣಕ್ಕೆ ನನ್ನ ಮೆಚ್ಚುಗೆ ಜಾಸ್ತಿ. ಮೊದಲನೆಯದರಲ್ಲಿ ಬೆಂಕಿ ಬರೀ ಮರೆಯಾಯಿತು, ನಿಮ್ಮದರಲ್ಲಿ ನಿಜಕ್ಕೂ ಆರಿತು. ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿಯ ದಟ್ಟ ಕಾಡುಗಳು ಉಳಿದಿವೆ, ನಿಜ. ಆದರೆ ಹಕ್ಕಿಗೆ ಕಾಡು, ತೋಟ ಅಂತ ಬೇಲಿ ಗೊತ್ತಿಲ್ಲವಲ್ಲ.

ಹೆಣ್ಣಿನ ಮೇಲೆ ಇನ್ನೂ ಯಾರೂ ಬರೆದಿಲ್ಲ. ಅದರ ಹೊಟ್ಟೆ ಕೆಂಪಲ್ಲ, ಕಂದು ಬೆರೆತ ಹಳದಿ. ತಲೆಯೂ ಕಂದು. ಅದಕ್ಕೆ ‘ಬೆಂಕಿ’ ಹೊಂದಿಸುವವರು ಯಾರು? ಭಾನುವಾರ ಸಂಜೆಯವರೆಗೆ ಕಾಯುತ್ತೇನೆ.