ಪದಚರ್ಚೆ: ದುಂಡುಹುಳದ ಮರಿ ಬೆಳೆಯದೆ ನಿಂತರೆ ಏನನ್ನೋಣ?

ಎಲ್ಲರಿಗೂ ಧಾರವಾಡದಿಂದ ನಮಸ್ಕಾರ.

ಬಿ.ಎಸ್ಸಿ. ಮಕ್ಕಳಿಗಾಗಿ ನೆಮಟೋಡ್ ಬಗ್ಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ನೆಮಟೋಡ್‌ಗೆ ದುಂಡುಹುಳು, ಲಾರ್ವಾಕ್ಕೆ ಮರಿ ಅಂದರೆ ಸಾಕು. ಡಿಂಭ ಅಂತ ಬರೆದರೆ ಅದಕ್ಕೇ ಮತ್ತೊಂದು ಅರ್ಥ ಹೇಳಬೇಕಾಗುತ್ತದೆ. ತೊಡಕಿರುವುದು ‘ಬೆಳವಣಿಗೆ ಕುಂಠಿತ’ ಅನ್ನುವ ಮಾತಲ್ಲಿ. ಮರಿ ಹಂತದ ಎಲ್ಲ ದೋಷಕ್ಕೂ ಅದನ್ನೇ ಹಚ್ಚುತ್ತಿದ್ದೇವೆ, ಅದು ಸರಿಯಲ್ಲ.

ಪ್ರಯೋಗಾಲಯದಲ್ಲಿ ಸಾಕುವ ಸಿ. ಎಲಿಗನ್ಸ್ ಅನ್ನುವ ದುಂಡುಹುಳುವನ್ನೇ ನೋಡಿ. ಪೂರ್ತಿ ಬೆಳೆದರೂ ಸುಮಾರು 1 ಮಿಲಿಮೀಟರ್ ಉದ್ದ. ಮೊಟ್ಟೆಯಿಂದ ಬಂದ ಮೇಲೆ 4 ಮರಿ ಹಂತ, ಒಂದೊಂದರ ಕೊನೆಗೂ ಪೊರೆ ಬಿಡುತ್ತದೆ. ಕೆಲವು ಮರಿಗಳು ಒಂದು ಹಂತದಲ್ಲಿ ನಿಂತೇ ಬಿಡುತ್ತವೆ. ಕೆಲವು ಗಿಡ್ಡಗೆ, ದಪ್ಪಗೆ ಇದ್ದರೂ ಪ್ರಾಯಕ್ಕೆ ಬಂದು ಮೊಟ್ಟೆ ಇಡುತ್ತವೆ. ಎರಡಕ್ಕೂ ‘ಕುಂಠಿತ’ ಅಂದರೆ ಹೇಗೆ? ಮೊದಲನೆಯದಕ್ಕೆ ‘ಹಂತದಲ್ಲಿ ನಿಂತ ಮರಿ’, ಎರಡನೆಯದಕ್ಕೆ ‘ಗಿಡ್ಡಹುಳು’ ಅಂತ ನಾನು ಬರೆದಿದ್ದೇನೆ.

ಇನ್ನೊಂದು ದೋಷ ಭಾಳ ಕುತೂಹಲದ್ದು. ಲಿನ್-4 ಅನ್ನುವ ಜೀನ್ ಕೆಟ್ಟರೆ ಮರಿ ನಿಲ್ಲುವುದಿಲ್ಲ. ಮೈ ಬೆಳೆಯುತ್ತದೆ, ಪೊರೆಯನ್ನೂ ಬಿಡುತ್ತದೆ. ಆದರೆ ಕೆಲವು ಕೋಶಗಳು ಮೊದಲ ಹಂತದ ಕೆಲಸವನ್ನೇ ಮತ್ತೆ ಮತ್ತೆ ಮಾಡುತ್ತವೆ. ಕೊನೆಗೆ ಮೊಟ್ಟೆ ಇಡುವ ದ್ವಾರವೇ ಮೂಡುವುದಿಲ್ಲ. ಲಿನ್-14 ಜೀನ್ ಕೆಟ್ಟರೆ ಉಲ್ಟಾ, ಮೊದಲ ಹಂತದ ಕೆಲಸ ಬಿಟ್ಟು ಮುಂದಿನದಕ್ಕೆ ಹಾರುತ್ತವೆ. ಈ ಎರಡು ಜೀನ್‌ಗಳ ನಂಟು ಹುಡುಕುವಾಗಲೇ 1993ರಲ್ಲಿ ಮೈಕ್ರೋ ಆರ್‌ಎನ್‌ಎ, ಅಂದರೆ ಬೇರೆ ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ಪುಟ್ಟ ಆರ್‌ಎನ್‌ಎ ತುಣುಕು, ಸಿಕ್ಕಿತು. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರಿಗೆ 2024ರ ನೊಬೆಲ್ ಬಂದದ್ದು ಇದಕ್ಕೇ. ಇಲ್ಲಿ ಕುಂಠಿತವಾದದ್ದು ಏನೂ ಇಲ್ಲ, ಹೊತ್ತು ತಪ್ಪಿದೆ. ‘ಹಂತ ತಪ್ಪುವುದು’ ಅಂದರೆ ಸರಿ ಅನಿಸುತ್ತದೆ. ಏನಂತೀರಿ?

ಆಹಾರ ಕಡಿಮೆಯಾಗಿ ಗುಂಪು ಜಾಸ್ತಿಯಾದಾಗ ಮರಿ ‘ಡೌಯರ್’ ಆಗಿ, ತಿನ್ನದೆ ತಿಂಗಳುಗಟ್ಟಲೆ ತಾಳುತ್ತದೆ. ಅದು ದೋಷವಲ್ಲ, ಬದುಕುಳಿಯುವ ದಾರಿ. ಹಾಗಾಗಿ ಅದಕ್ಕೂ ‘ನಿಂತ ಮರಿ’ ಅನ್ನಬಾರದು. ‘ತಾಳುಮರಿ’ ಆದೀತೇ?

ಇನ್ನು ನನಗೆ ಪದವೇ ಸಿಗದಿರುವುದು ಪೊರೆಯ ದೋಷಕ್ಕೆ. ಒಳಗೆ ಹೊಸ ಪೊರೆ ಬಂದಿರುತ್ತದೆ, ಹಳೆಯದು ಬಿಡುವುದಿಲ್ಲ. ಬಾಯಿಗೆ ಅಂಟಿಕೊಂಡರೆ ಮರಿ ತಿನ್ನಲಾರದೆ ಸಾಯಬಹುದು. ರೇಷ್ಮೆ ಸಾಕುವವರು ಪೊರೆ ಬಿಡುವ ಹೊತ್ತಿಗೆ ‘ಜ್ವರ’ ಅಂತಾರೆ, ಅಲ್ವಾ? ರೇಷ್ಮೆಹುಳಕ್ಕೂ 4 ಜ್ವರ. ದುಂಡುಹುಳವೂ ಪೊರೆ ಬಿಡುವ ಮುಂಚೆ ತಿನ್ನುವುದು ಬಿಟ್ಟು ಸುಮ್ನೆ ಇರುತ್ತದೆ. ‘ಜ್ವರ’ ಅಂತಲೇ ಬಳಸುವ ಆಸೆ ನನಗಿದೆ, ಆದರೆ ಓದುವ ಮಕ್ಕಳು ಕಾಯಿಲೆ ಅಂದುಕೊಂಡಾರು.

ಹಾವೇರಿ ಕಡೆ ರೇಷ್ಮೆ ಸಾಕುವ ಮನೆಯವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಪೊರೆ ಅರ್ಧಕ್ಕೇ ಸಿಕ್ಕಿಕೊಂಡು ಜ್ವರದಿಂದ ಏಳದ ಹುಳಕ್ಕೆ ನಿಮ್ಮಲ್ಲಿ ಏನಂತೀರಿ?