ದೊಡ್ಡ ಕ್ಯಾಮ್ ಹಾಕಿದ ಮೇಲೆ ಏರಿನಲ್ಲಿ ಎಳೆತವಿಲ್ಲ, ಇಳಿಜಾರಿನಲ್ಲಿ ಬ್ರೇಕ್ ಗಟ್ಟಿ

ಮೂಡಿಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ಅಜ್ಜನ ಕಾಲದ 1967ರ ಶೆವರ್ಲೆ ಇಂಪಾಲಾ ಕಾರು ತೋಟದ ಗೋಡೌನಿನಲ್ಲಿ ನಿಂತೇ ಇತ್ತು. ಎರಡು ವರ್ಷ ಕೆಲಸ ಮಾಡಿಸಿ ಎಬ್ಬಿಸಿದ್ದೇನೆ. ಹಳೇ 283 ಘನ ಇಂಚಿನ ಇಂಜಿನ್ ಹೋಗಿತ್ತು, ಶೆವರ್ಲೆ 350 ಕೂರಿಸಿದೆ. ಕಂಪ್ರೆಷನ್ 8.5. ಮೂರು ಗೇರಿನ ಆಟೋಮ್ಯಾಟಿಕ್ ಟಿಎಚ್350, ಹಿಂದಿನ ಆಕ್ಸಲಿನ ಕ್ರೌನ್-ಪಿನಿಯನ್ ಗೇರ್ ಅನುಪಾತ 3.08, ಟೈರ್ 27 ಇಂಚು. ವಾಲ್ವ್ ತೆರೆದು ಮುಚ್ಚಿಸುವ ಕ್ಯಾಮ್ ದೊಡ್ಡದು ಹಾಕಿಸಿದೆ. ಅದರ ಕಾರ್ಡಿನಲ್ಲಿ 0.050 ಇಂಚು ಎತ್ತಿದ ಅಳತೆಗೆ 240 ಡಿಗ್ರಿ (ವಾಲ್ವ್ ತೆರೆದಿರುವ ಹೊತ್ತು), ಲೋಬ್ ಸೆಪರೇಷನ್ (ಇನ್‌ಟೇಕ್, ಎಕ್ಸಾಸ್ಟ್ ಉಬ್ಬುಗಳ ನಡುವಿನ ಕೋನ) 108 ಅಂತ ಇದೆ.

ಐಡ್ಲಿಂಗ್ ಶಬ್ದ ಕೇಳೋಕೆ ಎರಡು ಕಿವಿ ಸಾಲದು. ಆದರೆ ಚಾರ್ಮಾಡಿ ಹತ್ತುವಾಗ ಕಾರು ತೆವಳುತ್ತದೆ. ಅದಕ್ಕಿಂತ ಭಯ ಬೇರೆ. ಹೋದ ಭಾನುವಾರ ಲಾರಿ ಹಿಂದೆ ಡ್ರೈವ್‌ನಲ್ಲೇ ನಿಧಾನವಾಗಿ ಇಳಿಯುತ್ತಿದ್ದೆ. ನಾಲ್ಕೈದು ಸಲ ಬ್ರೇಕ್ ಒತ್ತಿದ್ದೇ ತಡ, ಪೆಡಲ್ ಕಲ್ಲಿನಂತಾಯಿತು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಬ್ರೇಕ್ ಬೂಸ್ಟರ್ ಹೊಸದು. ಏನು ನೋಡಲಿ?

ಬೇಲೂರಿನಿಂದ:

3.08 ಅಂದ್ರೆ ಹೈವೇ ಗೇರು ಅಣ್ಣ. 4.11 ಹಾಕಿ, ಜೊತೆಗೆ 3000 ಸ್ಟಾಲ್ ಕನ್ವರ್ಟರ್ (ಇಂಜಿನ್-ಗೇರ್‌ಬಾಕ್ಸ್ ನಡುವಿನ ಎಣ್ಣೆ ಜೋಡಣೆ, ಸುಮಾರು 3000 ಆರ್‌ಪಿಎಂ ತನಕ ಜಾರಲು ಬಿಡುವಂಥದ್ದು). ಆ ಕ್ಯಾಮ್‌ಗೆ ಬೇಕಾದ್ದೇ ಅದು.

ಹಾಸನದಿಂದ:

ಬೇಲೂರಿನ ಗೆಳೆಯರು ಹೇಳಿದ್ದು ಡ್ರ್ಯಾಗ್ ಓಡಿಸುವವರಿಗೆ ಸರಿ. ಘಾಟಿಯಲ್ಲಿ ಅಮ್ಮನನ್ನು ಕೂರಿಸಿಕೊಂಡು ಹೋಗುವ ಕಾರಿಗೆ ಅಲ್ಲ. 3000 ಸ್ಟಾಲ್ ಕನ್ವರ್ಟರ್ ಏರಿನ ಉದ್ದಕ್ಕೂ ಜಾರುತ್ತಲೇ ಇರುತ್ತದೆ. ಆ ಜಾರಾಟವೆಲ್ಲ ಶಾಖ. ಗೇರ್‌ಬಾಕ್ಸ್ ಎಣ್ಣೆ ಸುಟ್ಟು ಕಪ್ಪಾಗುತ್ತದೆ. 4.11ರಲ್ಲಿ 100 ಕಿ.ಮೀ. ವೇಗಕ್ಕೇ ಇಂಜಿನ್ ನಿಮಿಷಕ್ಕೆ ಸುಮಾರು 3200 ಸುತ್ತು ತಿರುಗುತ್ತದೆ.

ಮೊದಲು ಬ್ರೇಕ್ ವಿಷಯ. ಬೂಸ್ಟರ್ ಪೆಡಲ್ ಹಗುರ ಮಾಡುವುದು ಇಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ (ಗಾಳಿ ಒಳಗೆ ಹೋಗುವ ಕೊಳವೆ) ಉಂಟಾಗುವ ವ್ಯಾಕ್ಯೂಮ್‌ನಿಂದ; ಅದು ಕಡಿಮೆಯಾದರೆ ಪೆಡಲ್ ಗಟ್ಟಿ. ಇಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಒಂದಿಷ್ಟು ಕೆಳಗಿಳಿದರೆ ಬೂಸ್ಟರ್ ಚೆನ್ನಾಗಿದೆ. ಆಮೇಲೆ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿ. ಡ್ರೈವ್‌ಗೆ ಹಾಕಿ, ಬ್ರೇಕ್ ಹಿಡಿದು ಐಡ್ಲಿಂಗ್‌ನಲ್ಲಿ ಎಷ್ಟು ತೋರಿಸುತ್ತದೆ ಹೇಳಿ. ನನ್ನ ಪ್ರಕಾರ 10 ಇಂಚು (ಪಾದರಸದ ಅಳತೆ) ದಾಟುವುದಿಲ್ಲ.

ಯಾಕೆ ಅಂದ್ರೆ, 240 ಡಿಗ್ರಿ ಕ್ಯಾಮ್‌ನಲ್ಲಿ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಆರ್‌ಪಿಎಂ ಕಡಿಮೆ ಇದ್ದಾಗ ಪಿಸ್ಟನ್ ಮೇಲೆ ಬರುತ್ತಾ, ಒಳಗೆ ಬಂದ ಗಾಳಿಯಲ್ಲಿ ಒಂದು ಪಾಲನ್ನು ವಾಪಸ್ ಮ್ಯಾನಿಫೋಲ್ಡಿಗೇ ತಳ್ಳುತ್ತದೆ. 8.5 ಕಂಪ್ರೆಷನ್ ಮೊದಲೇ ಕಡಿಮೆ, ಇನ್ನೂ ಸತ್ತುಹೋಗುತ್ತದೆ. ಅದಕ್ಕೇ ಏರಿನಲ್ಲಿ ಎಳೆತವಿಲ್ಲ. ಎರಡೂ ವಾಲ್ವ್ ಒಟ್ಟಿಗೆ ತೆರೆದಿರುವ ಹೊತ್ತೂ ಜಾಸ್ತಿ, ಹಾಗಾಗಿ ವ್ಯಾಕ್ಯೂಮ್ ನಿಲ್ಲುವುದಿಲ್ಲ. ಇದಕ್ಕೆ ನಮ್ಮ ಊರಿನ ಎತ್ತರ ಸೇರಿಸಿ. ಮೂಡಿಗೆರೆ, ಹಾಸನ ಎಲ್ಲ ಸಾವಿರ ಮೀಟರಿನ ಹತ್ತಿರ ಅಲ್ವಾ? ಸಮುದ್ರಮಟ್ಟದಲ್ಲಿ ತೋರಿಸುವುದಕ್ಕಿಂತ ಗೇಜ್ ಇಲ್ಲಿ 3 ಇಂಚು ಕಡಿಮೆಯೇ ತೋರಿಸುತ್ತದೆ. ಗಾಳಿಯೂ ತೆಳು, ಪವರ್ ಸುಮಾರು ನೂರಕ್ಕೆ ಹತ್ತು ಭಾಗ ಕಡಿಮೆ. ಬೇರೆ ದೇಶದವರು ಬರೆದ ಕ್ಯಾಮ್ ಪಟ್ಟಿ ಓದುವಾಗ ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ, ನನಗೆ ತುಂಬಾ ಬೇಜಾರಾಗುವ ವಿಷಯ ಇದು.

ನಿಮ್ಮ ಕಾರು 40ರಲ್ಲಿ ಸೆಕೆಂಡ್ ಗೇರಿನಲ್ಲಿ ಹತ್ತುವಾಗ ಇಂಜಿನ್ ಬರೀ 1450ರ ಆಸುಪಾಸು. ಆ ಕ್ಯಾಮ್ ಎಚ್ಚರವಾಗುವುದೇ 2800ರ ಮೇಲೆ. 3.55 ಹಾಕಿದರೆ ಅದೇ ವೇಗಕ್ಕೆ 1670 ಆಗುತ್ತದೆ, ಚಕ್ರಕ್ಕೆ ಎಳೆತ ನೂರಕ್ಕೆ 15 ಭಾಗ ಹೆಚ್ಚುತ್ತದೆ. 100ರಲ್ಲಿ 2750, ಅಷ್ಟೇ. ಕ್ಯಾಮ್ 0.050ಕ್ಕೆ 212ರಿಂದ 218 ಡಿಗ್ರಿ ಒಳಗೆ, ಸೆಪರೇಷನ್ 112 ಇರುವುದನ್ನು ತೆಗೆದುಕೊಳ್ಳಿ. ಮಾಮೂಲಿ ಕನ್ವರ್ಟರ್ ಸಾಕು. ಎರಡನ್ನೂ ಒಟ್ಟಿಗೆ ಮಾಡಿಸಿ. ದುಡ್ಡು ಒಂದಕ್ಕೇ ಇದ್ದರೆ ಕ್ಯಾಮ್ ಮೊದಲು.

ಅಲ್ಲಿಯವರೆಗೆ ಘಾಟಿಗೆ ಒಯ್ಯಬೇಡಿ. ಇಳಿಯಲೇಬೇಕಾದರೆ ಡ್ರೈವ್ ಬೇಡ, ಲೋ ಗೇರ್. ಡ್ರೈವ್‌ನಲ್ಲಿ 20ರ ವೇಗಕ್ಕೆ ಇಂಜಿನ್ ಐಡ್ಲಿಂಗ್‌ನಲ್ಲೇ ಇರುತ್ತದೆ, ಬೂಸ್ಟರ್ ತುಂಬುವುದಿಲ್ಲ. ಲೋನಲ್ಲಿ ಆರ್‌ಪಿಎಂ ಏರಿ ವ್ಯಾಕ್ಯೂಮ್ ಬರುತ್ತದೆ, ಇಂಜಿನ್ನೂ ಕಾರನ್ನು ಹಿಡಿಯುತ್ತದೆ.

ಮೂಡಿಗೆರೆಯಿಂದ:

ಗೇಜ್ ಹಾಕಿದೆ. ಡ್ರೈವ್‌ನಲ್ಲಿ 8 ಇಂಚು, ಮುಳ್ಳು ನಡುಗುತ್ತಲೇ ಇತ್ತು. ಬೂಸ್ಟರ್ ಪರೀಕ್ಷೆಯಲ್ಲಿ ಪೆಡಲ್ ಇಳಿಯಿತು. ಹಾಗಾದ್ರೆ ಬೂಸ್ಟರ್ ಸರಿ ಇದೆ. 214 ಡಿಗ್ರಿ ಕ್ಯಾಮ್ ಹುಡುಕುತ್ತೇನೆ. ಹಳೇ ಟ್ಯಾಪೆಟ್ (ಕ್ಯಾಮ್ ಮೇಲೆ ಕೂತು ವಾಲ್ವ್ ಎತ್ತುವ ತುಂಡು) ಹೊಸದರಂತೇ ಇವೆ, ಅವನ್ನೇ ಹಾಕಬಹುದಾ?

ಹಾಸನದಿಂದ:

ಬೇಡವೇ ಬೇಡ. ಫ್ಲ್ಯಾಟ್ ಟ್ಯಾಪೆಟ್ ಒಂದೊಂದೂ ತನ್ನ ಲೋಬಿಗೆ ಸವೆದು ಕೂತಿರುತ್ತದೆ. ಹೊಸ ಕ್ಯಾಮ್‌ಗೆ ಹೊಸ ಟ್ಯಾಪೆಟ್, ಆ ಕ್ಯಾಮ್‌ಗೆ ಹೇಳಿದ ಸ್ಪ್ರಿಂಗ್. ಲೋಬಿಗೆಲ್ಲ ಅಸೆಂಬ್ಲಿ ಪೇಸ್ಟ್ ಸವರಿ, ಝಿಂಕ್ ಇರುವ ಎಣ್ಣೆ ಹಾಕಿ. ಸ್ಟಾರ್ಟ್ ಆದ ತಕ್ಷಣ 2000ದಿಂದ 2500ರ ಒಳಗೆ 20 ನಿಮಿಷ ಓಡಿಸಿ, ಐಡ್ಲಿಂಗ್‌ಗೆ ಬಿಡಬೇಡಿ.

ಮೂಡಿಗೆರೆಯಿಂದ:

ತಡವಾಯಿತು, ಕೊಯ್ಲು ನಡೆಯುತ್ತಿತ್ತು. ಕ್ಯಾಮ್, 3.55 ಎರಡೂ ಆಯಿತು. ಡ್ರೈವ್‌ನಲ್ಲಿ ಈಗ 14 ಇಂಚು, ಮುಳ್ಳು ನಿಂತಿದೆ. ನಿನ್ನೆ ಖಾಲಿ ಕಾರಿನಲ್ಲಿ ಚಾರ್ಮಾಡಿ ಇಳಿದು ಹತ್ತಿದೆ. ಲೋನಲ್ಲೇ ಇಳಿದೆ, ಪೆಡಲ್ ಒಮ್ಮೆಯೂ ಗಟ್ಟಿಯಾಗಲಿಲ್ಲ. ಹತ್ತುವಾಗ ಕೊಟ್ಟಿಗೆಹಾರದವರೆಗೂ ಕಾಲು ಅರ್ಧ ಒತ್ತಿದ್ದೇ ಸಾಕಾಯಿತು. ಪ್ಲಗ್ ತೆಗೆದು ನೋಡಿದರೆ ತುದಿ ಸ್ವಲ್ಪ ಕಪ್ಪು. ಪೆಟ್ರೋಲ್ ಜಾಸ್ತಿ ಅನಿಸುತ್ತದೆ, ಕಾರ್ಬ್ಯುರೇಟರಿನ ಜೆಟ್ (ಪೆಟ್ರೋಲ್ ಹರಿಯುವ ರಂಧ್ರ) ಒಂದು ಸೈಜ್ ಇಳಿಸಲಾ?

ಹಾಸನದಿಂದ:

ಇಳಿಸಿ. ಈ ಎತ್ತರಕ್ಕೆ ಒಂದು, ಹೆಚ್ಚೆಂದರೆ ಎರಡು. ಮತ್ತೆ ಪ್ಲಗ್ ಬಣ್ಣ ನೋಡಿ ಹೇಳಿ.